ಹೈಬ್ರಿಡ್ ಗಾಡಿ ಸಾಕಿದ ವರ್ಷಗಳು

ನಾನು ಕಾರು ಓಡಿಸಲು ಕಲಿತದ್ದು ಆಸೆಯಿಂದಲ್ಲ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಇತ್ತು. ಅದು ಮೊದಲು ಕಾಲಿಗೆ ಬಂತು, ಆಮೇಲೆ ಕಣ್ಣಿಗೆ. ಒಂದು ಸಂಜೆ ಅಮರಗೋಳದ ಮಾರುಕಟ್ಟೆಯಿಂದ ಬೈರಿದೇವರಕೊಪ್ಪದ ನಮ್ಮ ಮನೆಗೆ ಬರುವಾಗ ರಸ್ತೆಯಲ್ಲಿ ನಿಂತಿದ್ದ ಎಮ್ಮೆಯನ್ನು ಅವರು ನೆರಳೆಂದು ತಿಳಿದು ಹಾಗೆಯೇ ಮುಂದಕ್ಕೆ ಹೋದರು. ಅದು ತಲೆ ಕೊಡವಿದಾಗ ಬ್ರೇಕ್ ಒತ್ತಿದರು. ಕೋಡು ಬಾನೆಟ್ಟಿಗೆ ತಾಗಿ ಸಣ್ಣದೊಂದು ಗೀರು ಬಿತ್ತು. ಮನೆಗೆ ಬಂದವರು ಚಹಾ ಕುಡಿದು, ಗಾಡಿಯ ಕೀಲಿಯನ್ನು ನನ್ನ ಮುಂದಿಟ್ಟು, "ನಾಳಿಯಿಂದ ನೀ ಕಲಿ" ಎಂದರು.

ಅಮರಗೋಳದಲ್ಲಿ ಅವರದು, ಒಬ್ಬ ಪಾಲುದಾರನೊಂದಿಗೆ, ಕಾಳುಕಡಿಯ ದಲಾಲಿ ಅಂಗಡಿ. ರೈತರು ಕಡಲೆ, ಹೆಸರು, ಗೋಧಿ ತರುತ್ತಿದ್ದರು. ಇವರು ಮಾರಿಸಿ ಕೊಡುತ್ತಿದ್ದರು. ಕಾಳನ್ನು ಕಣ್ಣಳತೆಯಲ್ಲೇ ತೂಗುವವರೆಂದು ಅವರಿಗೆ ಹೆಸರಿತ್ತು. ಹಾಗಾಗಿ ಕಣ್ಣಿನ ವಿಷಯ ಮಾರುಕಟ್ಟೆಗೆ ಗೊತ್ತಾಗಬಾರದು ಎಂಬುದು ಅವರ ಹಟ. "ಕಣ್ಣು ಹೋದ ದಲಾಲಿ ಹತ್ರ ಯಾವ ರೈತ ಮಾಲು ಇಳಸ್ತಾನ?" ಎನ್ನುತ್ತಿದ್ದರು. ಕಾಲುನೋವು, ಡಾಕ್ಟರು ಕ್ಲಚ್ ಒತ್ತಬೇಡ ಅಂದಿದ್ದಾರೆ, ಅದಕ್ಕೇ ಮನೆಯವಳು ಓಡಿಸುತ್ತಾಳೆ ಎಂದು ಎಲ್ಲರಿಗೂ ಹೇಳಿದ್ದಾಯಿತು. ಮಗಳ ಮದುವೆ ಮಾಡಿ ಮುಗಿಸಿದ್ದ, ನಲವತ್ತು ದಾಟಿದ ಹೆಂಗಸು ನಾನು. ಇನ್ನೂ ಮನೆ ಏಳದ ಪ್ಲಾಟುಗಳ ನಡುವಿನ ಬಯಲಲ್ಲಿ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೇರು ಹಾಕುವುದನ್ನು ಕಲಿತೆ. ಅವರು ಪಕ್ಕದಲ್ಲಿ ಕೂತು ಕಲಿಸಿದರು. ಕಲಿಸುವುದನ್ನು ಆಮೇಲೆ ನಿಲ್ಲಿಸಲೇ ಇಲ್ಲ. ಅದೇ ನನ್ನ ಗೋಳು.

ಕಾರು ನಾವು ಕೊಂಡಾಗಲೇ ಹಳೆಯದಾಗಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಧಾರವಾಡದ ನಿವೃತ್ತ ವಕೀಲರೊಬ್ಬರಿಂದ ತಂದದ್ದು. ಕೆನೆ ಬಣ್ಣ, ಗುಂಡು ದೀಪ, ಸ್ಟೀರಿಂಗಿನ ಮಗ್ಗುಲಲ್ಲೇ ಗೇರಿನ ಕೋಲು. ಮೊದಲ ಕೆಲವು ವರ್ಷ ಅದು ಮನೆಯ ಅಳಿಯನ ಹಾಗೆ ಮರ್ಯಾದೆ ಮಾಡಿಸಿಕೊಂಡಿತು. ಪೆಟ್ರೋಲು ತುಟ್ಟಿಯಾಗುತ್ತ ಹೋದಂತೆ ಅವರ ತಲೆಯಲ್ಲಿ ಗ್ಯಾಸಿನ ವಿಚಾರ ಹೊಕ್ಕಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾರನ್ನೋ ಹಿಡಿದು ಕಾರಿಗೆ ಗ್ಯಾಸ್ ಕಿಟ್ ಕೂಡಿಸಿದರು. ಡಿಕ್ಕಿಯಲ್ಲಿ ದೊಡ್ಡದೊಂದು ಸಿಲಿಂಡರು ಮಲಗಿತು. ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ಬಂತು: ಮೇಲೆ ಒತ್ತಿದರೆ ಪೆಟ್ರೋಲು, ಕೆಳಗೆ ಒತ್ತಿದರೆ ಗ್ಯಾಸು, ನಡುವೆ ನಿಲ್ಲಿಸಿದರೆ ಎರಡೂ ಇಲ್ಲ.

ಅಂಗಡಿಗೆ ಕಡಲೆ ತರುತ್ತಿದ್ದ, ಸುಳ್ಳ ಎಂಬ ಹಳ್ಳಿಯ ಹಿರಿಯ ರೈತರೊಬ್ಬರು ಒಂದು ದಿನ ಈ ಸ್ವಿಚ್ಚನ್ನು ಬಗ್ಗಿ ನೋಡಿ, "ಅಂದ್ರ ಇದು ಹೈಬ್ರಿಡ್ ಗಾಡಿ ಆತ್ರಿ ಸಾವಕಾರ್ರ" ಎಂದರು.

"ಹೌದಪಾ, ಹೈಬ್ರಿಡ್" ಎಂದು ಇವರು ಹೆಮ್ಮೆಯಿಂದ ಹೇಳಿದರು.

"ನಮ್ಮ ಹೈಬ್ರಿಡ್ ಜ್ವಾಳದಂಗ. ಇಳುವರಿ ಭಾಳ, ರೋಗಾನೂ ಭಾಳ."

ಅಂದಿನಿಂದ ಮಾರುಕಟ್ಟೆಯಲ್ಲಿ ಅದಕ್ಕೆ ಹೈಬ್ರಿಡ್ ಗಾಡಿ ಎಂದೇ ಹೆಸರಾಯಿತು. ಇಳುವರಿ ಎಷ್ಟು ಬಂತೋ ನನಗೆ ಗೊತ್ತಿಲ್ಲ. ರೋಗದ ಆರೈಕೆ ಪೂರಾ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ತಣ್ಣಗಿರುವಾಗ ಆ ಇಂಜಿನ್ನು ಗ್ಯಾಸಿನ ಮೇಲೆ ಏಳುತ್ತಿರಲಿಲ್ಲ. ಪೆಟ್ರೋಲಿನ ಮೇಲೆ ಎಬ್ಬಿಸಬೇಕು, ಸ್ವಲ್ಪ ದೂರ ಓಡಿಸಿ ಕಾಯಿಸಬೇಕು. ಆಮೇಲೆ ಸ್ವಿಚ್ಚನ್ನು ನಡುವೆ ತಂದು, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ತೀರುವ ತನಕ ಕಾದು, ಇಂಜಿನ್ನು ಕೆಮ್ಮತೊಡಗಿದ ಕೂಡಲೇ ಗ್ಯಾಸಿಗೆ ತಿರುವಬೇಕು. ಬೇಗ ತಿರುವಿದರೆ ಎರಡೂ ಕೂಡಿ ಹೊಗೆಯೆದ್ದು ನಿಲ್ಲುತ್ತಿತ್ತು. ತಡವಾದರೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಆ ಕೆಮ್ಮು ಯಾವಾಗ ಬರುತ್ತದೆ ಎಂಬುದಕ್ಕೆ ನೇಮವಿರಲಿಲ್ಲ. ಎಷ್ಟೋ ಸಲ ಉಣಕಲ್ಲಿನ ಹತ್ತಿರ, ಹಿಂದೆ ಬಸ್ಸು, ಮುಂದೆ ಟೆಂಪೋ ಇರುವಾಗಲೇ ಬರುತ್ತಿತ್ತು.

"ತಿರುವು, ಈಗ ತಿರುವು" ಎಂದು ಪಕ್ಕದಿಂದ ಅವರು.

"ಕೈ ಗೇರಿನ ಮ್ಯಾಲ ಐತ್ರಿ. ಎರಡ ಕೈ ಅದಾವು ನನಗ."

"ಸಪ್ಪಳ ಕೇಳಿ ಮೊದಲ ತಯಾರಾಗಬೇಕಿತ್ತು ನೀ."

ಗಾಡಿ ಅಲ್ಲಿಯೇ ನಿಲ್ಲುತ್ತಿತ್ತು. ಹಿಂದಿನ ಬಸ್ಸಿನವನು ಹಾರನ್ನಿನ ಮೇಲಿಂದ ಕೈ ತೆಗೆಯುತ್ತಿರಲಿಲ್ಲ. ಓಡಿಸುವವಳು ಹೆಂಗಸು ಎಂದು ಗೊತ್ತಾದ ಮೇಲೆ ಇನ್ನಷ್ಟು ಜನ ಬಗ್ಗಿ ನೋಡುತ್ತಿದ್ದರು. ಅವರು ಮಾತ್ರ ಎದುರಿಗೆ ದೃಷ್ಟಿ ನೆಟ್ಟು, ಎಲ್ಲ ಕಾಣುವವರಂತೆ, "ಎಡಕ್ಕ ತಗೋ, ಜಾಗಾ ಐತಿ" ಎನ್ನುತ್ತಿದ್ದರು. ಎಡಕ್ಕೆ ಗಟಾರ ಇರುತ್ತಿತ್ತು.

ರಿಪೇರಿಯ ಕಥೆಯಂತೂ ಇನ್ನೂ ಬೇಸರದ್ದು. ಇಂಜಿನ್ನಿಗೆ ಒಬ್ಬ ಮೆಕ್ಯಾನಿಕ್ ಇದ್ದ, ಗ್ಯಾಸಿಗೆ ಇನ್ನೊಬ್ಬ. ಇಂಜಿನ್ನಿನವನು ಬಾನೆಟ್ಟು ಎತ್ತಿ ಒಂದು ಸಲ ನೋಡಿ, "ಇದು ಗ್ಯಾಸಿನ ತಕರಾರ್ರಿ, ನಂದಲ್ಲ" ಎನ್ನುತ್ತಿದ್ದ. ಗ್ಯಾಸಿನವನ ಹತ್ತಿರ ಹೋದರೆ, "ಗ್ಯಾಸ್ ಛಲೋ ಬರಾಕತ್ತೈತ್ರಿ. ಇಂಜಿನ್ನ ದಣದೈತಿ" ಎನ್ನುತ್ತಿದ್ದ. ಒಬ್ಬ ಬಿಗಿ ಮಾಡಿದ ಸ್ಕ್ರೂವನ್ನು ಇನ್ನೊಬ್ಬ ಸಡಿಲ ಮಾಡುತ್ತಿದ್ದ. ಇಬ್ಬರನ್ನೂ ಒಂದೇ ದಿನ ಒಂದೇ ಕಡೆ ನಿಲ್ಲಿಸಬೇಕೆಂದು ನಾನು ಎಷ್ಟು ಪ್ರಯತ್ನಪಟ್ಟರೂ ಅದು ಕೂಡಿ ಬರಲಿಲ್ಲ.

ಅವರಿಬ್ಬರೂ ನನ್ನೊಡನೆ ಮಾತಾಡುತ್ತಿರಲಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಉರಿಸುತ್ತಿತ್ತು. ಗಾಡಿ ಓಡಿಸುವವಳು ನಾನು, ಎಲ್ಲಿ ಎಳೆಯುತ್ತದೆ, ಎಲ್ಲಿ ನಡುಗುತ್ತದೆ ಎಂದು ಗೊತ್ತಿದ್ದವಳು ನಾನು. ಆದರೆ ಮೆಕ್ಯಾನಿಕ್ಕು, "ಸಾವಕಾರ್ರ, ಇಲ್ನೋಡ್ರಿ, ಈ ಪೈಪು ಹೆಂಗ ಸೀಳೇತಿ" ಎಂದು ಅವರನ್ನೇ ಕರೆಯುತ್ತಿದ್ದ. ಅವರು ಬಗ್ಗುತ್ತಿದ್ದರು. ಆ ಹೊತ್ತಿಗೆ ನಡುವಿನ ನೋಟವೆಲ್ಲ ಹೋಗಿ, ಅಂಚಿನಲ್ಲಷ್ಟೇ ಬೆಳಕು ನೆರಳು ಆಡುತ್ತಿದ್ದ ಕಣ್ಣು ಅವು. ಪೈಪು ಇದ್ದ ಕಡೆಯಲ್ಲ, ಬೇರೆಲ್ಲೋ ನೋಡುತ್ತ, "ಹೌದಲ್ಲ, ಭಾಳ ಸೀಳೇತಿ" ಎನ್ನುತ್ತಿದ್ದರು. ನಾನು ಹಿಂದೆ ನಿಂತು ನೆಲ ನೋಡುತ್ತಿದ್ದೆ. ಮರುಕ ಬರುತ್ತಿತ್ತು. ಮರುಕದ ಬೆನ್ನಿಗೇ ಸಿಟ್ಟೂ ಬರುತ್ತಿತ್ತು.

ಬ್ಯಾಟರಿ ಬೇರೆ ಒಂದು ಕಾಟ. ಗ್ಯಾಸಿನ ಮೇಲೆ ಓಡುವ ಗಾಡಿ ಸುಲಭಕ್ಕೆ ಏಳದ್ದರಿಂದ ಸ್ಟಾರ್ಟರು ಗರಗರ ತಿರುಗಿ ಬ್ಯಾಟರಿಯ ಜೀವ ಹೀರುತ್ತಿತ್ತು. ವಾರಕ್ಕೊಮ್ಮೆ ಮುಚ್ಚಳಗಳನ್ನು ತಿರುಗಿಸಿ ತೆಗೆದು ಒಳಗೆ ಎಷ್ಟು ನೀರಿದೆ ನೋಡುವುದು, ಡಿಸ್ಟಿಲ್ಡ್ ನೀರು ತುಂಬುವುದು, ಟರ್ಮಿನಲ್ಲುಗಳ ಮೇಲೆ ಬೆಳೆದ ಬಿಳಿ-ಹಸಿರು ಬೂಷ್ಟನ್ನು ಬಿಸಿನೀರು ಹಾಕಿ ತಿಕ್ಕಿ ವ್ಯಾಸಲೀನು ಸವರುವುದು, ಎಲ್ಲ ನನ್ನ ಕೆಲಸ. ಎಷ್ಟು ಜತನ ಮಾಡಿದರೂ ಆಸಿಡ್ಡು ಎಲ್ಲೋ ಒಂದು ಹನಿ ಸಿಡಿಯುತ್ತಿತ್ತು. ಆ ಹೊತ್ತಿಗೆ ಏನೂ ಕಾಣುತ್ತಿರಲಿಲ್ಲ. ಒಗೆದು ಒಣಗಿಸಿದ ಮೇಲೆ ಸೀರೆಯಲ್ಲಿ ತೂತು. ನನ್ನ ನಿತ್ಯದ ಸೀರೆಗಳೆಲ್ಲ ನೆರಿಗೆಯ ಜಾಗದಲ್ಲಿ ಜರಡಿಯಾದವು. ಮಗಳು ಗದಗಿನಿಂದ ಬಂದಾಗ ಅದನ್ನು ನೋಡಿ, "ಯವ್ವಾ, ಮನ್ಯಾಗ ಇಲಿ ಆಗ್ಯಾವೇನು?" ಎಂದು ಕೇಳಿದಳು.

ಒಮ್ಮೆ ಡಿಸ್ಟಿಲ್ಡ್ ನೀರು ತರಲು ಮರೆತಿದ್ದೆ. ನಾನು ಅಡಿಗೆಯಲ್ಲಿದ್ದಾಗ ಅವರು ತಡವರಿಸುತ್ತ ಹೋಗಿ, ಬೋರಿನ ನೀರನ್ನೇ ತಂಬಿಗೆಯಲ್ಲಿ ಹಿಡಿದು ಬ್ಯಾಟರಿಗೆ ಹೊಯ್ದಿದ್ದರು. ನಮ್ಮ ಬೋರಿನ ನೀರು ಎಂಥದೆಂದರೆ ಬೇಳೆ ಬೇಯುತ್ತಿರಲಿಲ್ಲ. ಬ್ಯಾಟರಿ ಬದುಕೀತೇ? ಮರುದಿನದಿಂದ ಅದು ಸತ್ತಂತೆ. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಮತ್ತೆ ಏಳುತ್ತಿರಲಿಲ್ಲ. ಚೀಲ ಹೊರುವ ಹಮಾಲರು ಬಂದು ತಳ್ಳಬೇಕು. "ಅಕ್ಕಾರು ಹೊಂಟ್ರು, ಬರ್ರಿ ಎಲ್ಲಾರೂ" ಎಂದು ಅವರೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಕೆಟ್ಟ ಮಾತಲ್ಲ, ನಗೆಯ ಮಾತೇ. ಆದರೆ ದಿನಾ ಇಡೀ ಮಾರುಕಟ್ಟೆಯ ಮುಂದೆ ತಳ್ಳಿಸಿಕೊಂಡು ಹೋಗುವುದು ಯಾವ ನಗೆ? ಹೊಸ ಬ್ಯಾಟರಿ ಹಾಕಿಸೋಣ ಎಂದರೆ ಅವರು, "ಬ್ಯಾಟರಿ ಛಲೋ ಐತಿ. ನೀ ಸ್ಟಾರ್ಟ್ ಮಾಡೂ ಪದ್ಧತಿ ಸರಿ ಇಲ್ಲ" ಎಂದರು.

ಟೈರುಗಳ ವಿಷಯದಲ್ಲೂ ಇದೇ ನ್ಯಾಯ. ಸವೆದ ಟೈರುಗಳಿಗೆ ಮೇಲೆ ಹೊಸ ರಬ್ಬರು ಅಂಟಿಸಿ ಕೊಡುವವರು ಆಗ ಊರಲ್ಲಿ ಸಾಕಷ್ಟು ಇದ್ದರು. ಇವರು ನಾಲ್ಕಕ್ಕೂ ಅದನ್ನೇ ಮಾಡಿಸಿದ್ದರು. ಸ್ಟೆಪ್ನಿಯೋ, ಗ್ಯಾಸಿನ ಸಿಲಿಂಡರು ಬಂದ ದಿನವೇ ಡಿಕ್ಕಿಯಿಂದ ಹೊರಬಿತ್ತು. ಮೇಲೆ ಕ್ಯಾರಿಯರು ಹಾಕಿಸಿ ಅಲ್ಲಿ ಕಟ್ಟುವುದೆಂದು ಮಾತಾಗಿತ್ತು, ಆಗಲಿಲ್ಲ. ಸ್ಟೆಪ್ನಿ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಲಗಿತು. ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು ಸೊಳ್ಳೆ ಹುಟ್ಟಿದವು. ಪಂಕ್ಚರ್ ಆದರೆ ಏನು ಮಾಡುವುದೆಂದು ನಾನು ಕೇಳಿದಾಗೆಲ್ಲ, "ಆಗೂದಿಲ್ಲ ಬಿಡು" ಎನ್ನುವುದೇ ಅವರ ಉತ್ತರ.

ಆಯಿತು.

ಕಡಲೆ ಕಿತ್ತು ಕಣಕ್ಕೆ ಹಾಕುವ ದಿನಗಳವು. ಹೈಬ್ರಿಡ್ ಎಂದು ಹೆಸರಿಟ್ಟ ಆ ಸುಳ್ಳದ ರೈತರು, ರಾಶಿ ನೋಡಲು ಬನ್ನಿ ಎಂದು ಹೇಳಿ ಕಳಿಸಿದ್ದರು. ಬೆಳಿಗ್ಗೆ ರೊಟ್ಟಿ ತಿಂದು ಹೊರಟೆವು. ಊರು ದಾಟಿ ಎರಡೂ ಕಡೆ ಕಪ್ಪು ಹೊಲ ಶುರುವಾದ ಮೇಲೆ ಹಿಂದಿನಿಂದ ಪಟಪಟ ಎಂಬ ಸಪ್ಪಳ ಕೇಳಿಸಿತು, ಯಾರೋ ತೊಗಲಿನ ಚಪ್ಪಲಿ ಮೆಟ್ಟಿ ಓಡಿ ಬಂದ ಹಾಗೆ.

"ನಿಲ್ಲಸ್ತೇನ್ರಿ" ಎಂದೆ.

"ಬ್ಯಾಡ. ಗಾಲಿಗೆ ಕಲ್ಲು ಸಿಕ್ಕೇತಿ. ಹೋಗ್ತಾ ಹೋಗ್ತಾ ತಾನ ಬೀಳ್ತೈತಿ."

"ಕಲ್ಲಿನ ಸಪ್ಪಳ ಅಲ್ರಿ ಇದು."

"ಮೂವತ್ತು ವರ್ಷ ಗಾಡಿ ಓಡಿಸೇನಿ ನಾ. ಹೋಗು."

ಹೋದೆ. ಸಪ್ಪಳ ಹೆಚ್ಚಾಯಿತು, ಆಮೇಲೆ ಢಮ್ಮೆಂದು ಹಿಂಭಾಗ ಒಂದು ಕಡೆ ಕುಸಿಯಿತು. ಸ್ಟೀರಿಂಗು ಕೈಯಲ್ಲಿ ಹೊರಳಾಡಿತು. ಹೇಗೋ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಇಳಿದು ನೋಡಿದರೆ ಅಂಟಿಸಿದ ರಬ್ಬರೆಲ್ಲ ಸುಲಿದು, ಕೊಯ್ದ ಹಾವಿನ ಹಾಗೆ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಒಳಗಿನ ಟ್ಯೂಬು ಒಡೆದಿತ್ತು. ಸುತ್ತ ಒಂದು ಜಾಲಿಗಿಡ ಬಿಟ್ಟರೆ ನೆರಳಿಲ್ಲ.

ಅವರೂ ಬಾಗಿಲು ತಡವಿಕೊಂಡು ಇಳಿದರು. ಕಾರಿನ ಮೈ ಮೇಲೆ ಕೈಯಾಡಿಸುತ್ತ ಹಿಂದೆ ಬಂದು, "ಸೀಟಿನ ಕೆಳಗ ಜ್ಯಾಕ್ ಐತಿ ತಗೀ. ನಾ ಗಾಲಿ ಬದಲಿಸ್ತೇನಿ. ಕಣ್ಣು ಮುಚ್ಚಿ ಮಾಡೋವಂಥ ಕೆಲಸ" ಎಂದರು.

"ಸ್ಟೆಪ್ನಿ?"

ಅವರ ಕೈ ಡಿಕ್ಕಿಯ ಮೇಲೆ ನಿಂತಿತು.

"ಹಿತ್ತಲದಾಗ ಐತ್ರಿ ಸ್ಟೆಪ್ನಿ. ಸೊಳ್ಳಿ ಸಾಕಾಕತ್ತೈತಿ."

"ಹೊರಡೂ ಮುಂದ ನೀ ಟೈರು ನೋಡಬೇಕಿತ್ತು" ಎಂದರು.

ಆ ಮಾತಿಗೆ ನನ್ನೊಳಗೆ ಏನೋ ಹರಿಯಿತು. "ನೋಡೀನ್ರಿ. ದಿನಾ ನೋಡ್ತೇನಿ. ಟೈರ್ ಹೋಗ್ಯಾವು ಅಂತ ದಿನಾ ಹೇಳ್ತೇನಿ. ಬ್ಯಾಟರಿ ಹೋಗೇತಿ ಅಂತ ಹೇಳ್ತೇನಿ. ನೀವು ಕೇಳೂದಿಲ್ಲ. ನಿಮಗ ಕಾಣಸೂದಿಲ್ರಿ. ಗಾಡಿ ಕಾಣಸೂದಿಲ್ಲ, ದಾರಿ ಕಾಣಸೂದಿಲ್ಲ. ನೋಡಾಕಿ ನಾ. ಓಡಸಾಕಿ ನಾ. ನನ್ನ ಮಾತು ಯಾಕ ಕೇಳೂದಿಲ್ಲ?"

ಅದುವರೆಗೆ ಮನೆಯಲ್ಲೂ ನಾವು ಆ ಮಾತನ್ನು ಅಷ್ಟು ಬಿಚ್ಚಿ ಆಡಿರಲಿಲ್ಲ. ಕಣ್ಣು ಮಂಜು, ಕಣ್ಣು ಸ್ವಲ್ಪ ತ್ರಾಸು, ಎನ್ನುತ್ತಿದ್ದೆವು. ಅವರು ಟೊಪ್ಪಿಗೆ ತೆಗೆದು, ಬೆವರು ಒರೆಸಿ, ಮತ್ತೆ ಹಾಕಿಕೊಂಡರು. ಹೊಲದ ಕಡೆ ಮುಖ ಮಾಡಿ ನಿಂತರು. ನಾನು ಈ ಕಡೆ ನಿಂತೆ. ನಡುವೆ ಗಾಡಿ.

ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರಿನ ಸಪ್ಪಳ ಬಂತು. ನಾವು ಇನ್ನೂ ಬರಲಿಲ್ಲವೆಂದು ನೋಡಲು ಆ ರೈತರೇ ಹೊರಟು ಬಂದಿದ್ದರು. ಇಳಿದು ಗಾಲಿ ನೋಡಿ, ಏನೂ ಕೇಳದೆ ಧೋತರ ಎತ್ತಿ ಕಟ್ಟಿ ಜ್ಯಾಕ್ ಹಚ್ಚಿದರು. ಗಾಡಿ ಮೇಲೆದ್ದಿತು. ಉರುಳದಂತೆ ನಾನು ಕಲ್ಲು ತಂದು ಮುಂದಿನ ಗಾಲಿಗೆ ಇಟ್ಟೆ. ರೈತರು ಪಾನಾದಿಂದ ನಟ್ಟು ಬಿಚ್ಚಿ, "ಸಾವಕಾರ್ರ, ಇವನ್ನಷ್ಟು ಹಿಡ್ಕೋರಿ. ಮಣ್ಣಾಗ ಬಿದ್ರ ಸಿಗೂದಿಲ್ಲ" ಎಂದು ಕೈ ಚಾಚಿದರು.

ನನ್ನ ಗಂಡ ಕೈ ಒಡ್ಡಿದರು. ಆದರೆ ರೈತರ ಕೈ ಇದ್ದ ಕಡೆಗಲ್ಲ, ಅದಕ್ಕೆ ಒಂದು ಗೇಣು ಆಚೆಗೆ. ಎರಡು ಕೈಗಳೂ ಗಾಳಿಯಲ್ಲಿ ನಿಂತವು. ನಾನು ಎಂದಿನಂತೆ ಮುಂದೆ ಹೋಗಿ ನಟ್ಟು ಇಸಿದುಕೊಳ್ಳಲು ನೋಡಿದೆ.

"ನೀ ಬಿಡು" ಎಂದರು ನನಗೆ. ಆಮೇಲೆ ರೈತರ ಕಡೆ ತಿರುಗಿ, "ನನಗ ಕಾಣಸೂದಿಲ್ಲಪಾ. ಕೈಯಾಗ ಹಾಕು" ಎಂದರು.

"ಗೊತ್ತೈತ್ರಿ" ಎಂದು ರೈತರು ಒಂದೊಂದೇ ನಟ್ಟನ್ನು ಅವರ ಅಂಗೈಯಲ್ಲಿಟ್ಟರು.

"ಏನು ಗೊತ್ತೈತಿ?"

"ನಿಮ್ಮ ಕಣ್ಣಿಂದ್ರಿ. ಎಲ್ಲಾರಿಗೂ ಗೊತ್ತೈತಿ. ಹ್ವಾದ ವರ್ಷ ನಮ್ಮ ಕಡ್ಲಿ ನೋಡಾಕ ಬಂದು ಚೀಲ ಬಿಟ್ಟು ಮಗ್ಗಲಕ್ಕ ಕೈ ಹಾಕಿದ್ರಿ. ಹಮಾಲರಿಗೂ ಗೊತ್ತೈತಿ."

"ಮತ್ತ ಒಬ್ರೂ ಯಾಕ ಹೇಳಲಿಲ್ಲ?"

"ನೀವ ಕಾಲುನೋವು ಅಂದ್ರಿ. ನಾವೂ ಕಾಲುನೋವು ಅಂದ್ವಿ. ಹಿರ್ಯಾರು ಹೇಳಿದ್ದಕ್ಕ ಎದುರು ಆಡೂದು ಹೆಂಗ್ರಿ?"

ರೈತರು ಗಾಲಿಯನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು, ಊರಲ್ಲಿ ಟ್ಯೂಬು ಬದಲಿಸಿ, ಟೈರು ಸೀಳಿದ ಕಡೆ ಒಳಗಿನಿಂದ ಹಳೆ ಟೈರಿನ ತುಂಡು ಕೊಟ್ಟು ತರುತ್ತೇನೆಂದು ಹೋದರು. ನಾವಿಬ್ಬರೂ ಜಾಲಿಗಿಡದ ಆ ಚೂರು ನೆರಳಲ್ಲಿ ಕೂತೆವು. ಬಿಸಿಲು ಏರಿತ್ತು. ಬಾಟಲಿಯಲ್ಲಿದ್ದ ನೀರನ್ನು ಕುಡಿದು ಅವರಿಗೂ ಕೊಟ್ಟೆ. ನಟ್ಟುಗಳನ್ನು ಅವರು ಇನ್ನೂ ಮುಷ್ಟಿಯಲ್ಲೇ ಹಿಡಿದಿದ್ದರು.

ನಾನೇ ಮಾತು ತೆಗೆದೆ. "ಈ ಗಾಡಿ ಮಾರೂಣ್ರಿ. ಬಸ್ಸಿನ್ಯಾಗ ಹೋಗೂಣು. ಮನಿ ಮುಂದ ಬಸ್ ಬರ್ತಾವು."

"ಬಸ್ಸಿನ ಬೋರ್ಡ್ ಯಾರು ಓದವ್ರು?"

"ನಾ ಓದ್ತೇನಿ."

"ನೀ ಇಲ್ಲದಾಗ? ನಿಂತವರನ್ನೆಲ್ಲ ಕೇಳಬೇಕು. ಇದು ಯಾವ ಬಸ್ಸಪಾ, ಇದು ಎಲ್ಲಿಗೆ ಹೋಗ್ತೈತಿ, ನನ್ನ ಸೀಟ್ ಎಲ್ಲೈತಿ. ನನಗ ಆಗೂದಿಲ್ಲ. ಗಾಡ್ಯಾಗ ಕುಂತ್ರ ನಾ ಯಾರನ್ನೂ ಕೇಳೂ ಪ್ರಸಂಗ ಇಲ್ಲ."

"ಅದಕ್ಕ ನನಗ ಬೈತೀರಿ."

ಅವರು "ಹೌದು" ಎಂದರು. ಅಷ್ಟೇ. ತಪ್ಪಾಯಿತು ಎನ್ನುವ ಜನ ಅವರಲ್ಲ. ನನಗೆ ಅಳು ಬರಬೇಕಿತ್ತೇನೋ, ಬರಲಿಲ್ಲ. ತಲೆ ಸಿಡಿಯುತ್ತಿತ್ತು, ಸೊಂಟ ನೋಯುತ್ತಿತ್ತು, ಕುಂಡೆಗೆ ಜಾಲಿಮುಳ್ಳು ಚುಚ್ಚುತ್ತಿತ್ತು. ಗಂಡನ ಮನಸ್ಸು ತಿಳಿದ ಮಾತ್ರಕ್ಕೆ ಗಾಡಿ ಏಳುವುದಿಲ್ಲವಲ್ಲ ಎಂದುಕೊಂಡೆ.

ಗಾಲಿ ಬಂದು, ರಾಶಿ ನೋಡಿ, ಆ ಮನೆಯವರು ಬಿಡದೆ ಬಡಿಸಿದ ಜುಣಕ ರೊಟ್ಟಿ ಉಂಡು ಮನೆ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಆ ದಿನ ಕಣದಲ್ಲಿ ಅವರು ಕಡಲೆಯನ್ನು ನೋಡುವ ನಟನೆ ಮಾಡಲಿಲ್ಲ. ಕೂತು ಎರಡೂ ಕೈಯಿಂದ ಬಗೆದು, ಮೂಸಿ, ಹಲ್ಲಿನಲ್ಲಿ ಕಡಿದು, "ಬಣ್ಣ ಹೆಂಗೈತಿ?" ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ.

ಮರುವಾರ ನಾನೊಬ್ಬಳೇ ಗಾಡಿ ತೆಗೆದುಕೊಂಡು ಇಂಜಿನ್ ಮೆಕ್ಯಾನಿಕ್ಕಿನ ಗ್ಯಾರೇಜಿಗೆ ಹೋದೆ. ಅವರನ್ನು ಅಂಗಡಿಯಲ್ಲಿ ಇಳಿಸಿ, ಎಲ್ಲಿಗೆ ಹೊರಟೆನೆಂದು ಹೇಳದೆ ಹೊರಟಿದ್ದೆ.

ಮೆಕ್ಯಾನಿಕ್ಕು ನನ್ನ ಹಿಂದೆ ಇಣುಕಿ, "ಸಾವಕಾರ್ರು ಬಂದಿಲ್ಲೇನ್ರಿ?" ಎಂದ.

"ಗಾಡಿ ಬಂದೈತಲ್ಲಪಾ."

ಸಿಲಿಂಡರು ಇಳಿಸಬೇಕು, ಗ್ಯಾಸಿನ ಪೈಪೆಲ್ಲ ತೆಗೆಯಬೇಕು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂಡಿಸಬೇಕು, ಹೊಸ ಬ್ಯಾಟರಿ ಹಾಕಬೇಕು, ಹಿಂದಿನ ಎರಡು ಟೈರು ಹೊಸವೇ ಬೇಕು, ರಬ್ಬರು ಅಂಟಿಸಿದ್ದಲ್ಲ ಎಂದೆ. ಅವನು ತಲೆ ಕೆರೆದುಕೊಂಡ. "ಒಂದು ಮಾತು ಸಾವಕಾರ್ರನ್ನ ಕೇಳ್ತೇನ್ರಿ ಅಕ್ಕಾರ" ಎಂದು ಒಳಗೆ ಹೋಗಿ ಅಂಗಡಿಗೆ ಫೋನು ಹಚ್ಚಿದ. ನನಗೆ ಮೈಯೆಲ್ಲ ಉರಿದುಹೋಯಿತು. ಎಷ್ಟೋ ವರ್ಷದಿಂದ ಈ ಗಾಡಿಯ ಹೊಟ್ಟೆ ಬೆನ್ನು ನೋಡಿದವಳು ನಾನು, ಆದರೂ ಇನ್ನೊಬ್ಬರ ಅಪ್ಪಣೆ ಬೇಕು.

ಅವನು ಎಲ್ಲ ವಿವರಿಸಿದ. ಕೊನೆಗೆ, "ಹೂಂನ್ರಿ, ಹೂಂನ್ರಿ" ಎಂದು ಫೋನು ಇಟ್ಟು ಹೊರಗೆ ಬಂದ.

"ಏನಂದ್ರು?"

"'ಅಕಿ ಹೇಳಿದಂಗ ಮಾಡ್ರಿ' ಅಂದ್ರು."

ಒಪ್ಪಿದರು ಎಂದು ಸಂತೋಷಪಟ್ಟೆ. ಆದರೆ ಸಂಜೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಅವರು ಮುಂದಿನ ಬಾಗಿಲಿಗೆ ಬರಲಿಲ್ಲ. ಹಿಂದಿನ ಬಾಗಿಲು ತಡವಿ ತೆಗೆದು ಹಿಂದೆ ಕೂತರು. ಗ್ಯಾಸಿನ ಮೇಲೆ ಅವರಿಗೆ ಅಷ್ಟು ಅಭಿಮಾನ. ಹೀಗೆ ಎಷ್ಟೋ ದಿನ ನಡೆಯಿತು. ನಾನು ಮುಂದೆ, ಅವರು ಹಿಂದೆ. "ಸಾವಕಾರ್ರು ಡ್ರೈವರ್ ಇಟ್ಟಾರ" ಎಂದು ಮಾರುಕಟ್ಟೆಯವರು ನಕ್ಕರು. ಕೊನೆಗೆ ಹಿಂದಿನ ಸೀಟಿನ ಸ್ಪ್ರಿಂಗು ಚುಚ್ಚಿ ಬೆನ್ನು ನೋವು ಬಂದು, ಒಂದು ಬೆಳಿಗ್ಗೆ ತಾವೇ ಮುಂದೆ ಬಂದು ಕೂತರು. "ಹಿಂದ ಕುಂತ್ರ ಇಂಜಿನ್ನಿನ ಸಪ್ಪಳ ಸರಿಯಾಗಿ ಕೇಳಸೂದಿಲ್ಲ" ಎಂದರು.

ಕಣ್ಣಿನ ವಿಷಯವನ್ನು ಅವರೇ ಅಂಗಡಿಯಲ್ಲಿ ಹೇಳಿದರು. ಕೆಲವು ರೈತರು ಬೇರೆ ಅಂಗಡಿ ಹಿಡಿದರು. ಹೆಚ್ಚಿನವರು ಹೋಗಲಿಲ್ಲ. ಮಧ್ಯಾಹ್ನದವರೆಗೆ ನಾನೂ ಅಂಗಡಿಯಲ್ಲಿ ಕೂತು ಕಾಳಿನ ಬಣ್ಣ, ಹುಳುಕು ನೋಡಿ ಹೇಳತೊಡಗಿದೆ. ಗಾಡಿಯೂ ಕೆಲವು ಕಾಲ ಮನುಷ್ಯರ ಹಾಗೆ ನಡೆದುಕೊಂಡಿತು. ಆಮೇಲೆ ರೇಡಿಯೇಟರು ಸೋರಿತು. ಅದನ್ನು ಬೆಸೆದರೆ ನೀರಿನ ಪಂಪು ಹೋಯಿತು. ಗ್ಯಾಸು ಇಲ್ಲದ್ದರಿಂದ ದೂರುವುದಕ್ಕೆ ಇನ್ನೊಬ್ಬ ಸಿಗದೆ, ಮೆಕ್ಯಾನಿಕ್ಕು ಈಗ ಗಾಡಿಯ ವಯಸ್ಸನ್ನು ದೂರಿದ. ಬಾಗಿಲ ಕೆಳಗೆ ತುಕ್ಕು ತಿಂದು, ಮಳೆಗಾಲದಲ್ಲಿ ನನ್ನ ಕಾಲಿಗೆ ರಸ್ತೆಯ ನೀರು ಸಿಡಿಯುತ್ತಿತ್ತು. ನಾನು ಅದರ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನೇ ಬಿಟ್ಟೆ. ಅದಕ್ಕಿಂತ ಕೆಟ್ಟದ್ದು, ದಣಿದೆ.

ಆ ದಶಕ ಮುಗಿಯುವ ಮುಂಚೆ ಅವರು ಅಂಗಡಿಯನ್ನು ಪಾಲುದಾರನಿಗೆ ಬಿಟ್ಟುಕೊಟ್ಟರು. ಅದಾದ ಮೇಲೆ ಗಾಡಿ ಮಾರುವ ಮಾತಿಗೆ ಅವರು ಅಡ್ಡ ಬರಲಿಲ್ಲ. ನವಲಗುಂದದ ಕಡೆಯ ಒಬ್ಬರು, ಹಾಲಿನ ಕ್ಯಾನು ಸಾಗಿಸಲು ಅಗ್ಗದ ಗಾಡಿ ಹುಡುಕುತ್ತಿದ್ದವರು, ನೋಡಲು ಬಂದರು. ನನ್ನ ಗಂಡ ಗಾಡಿಯನ್ನು ಹೊಗಳಿದ್ದೇ ಹೊಗಳಿದ್ದು. ನಾನು ಒಂದೊಂದೇ ದೋಷ ಹೇಳುತ್ತ ಹೋದೆ. ಬಂದವರು ಇಬ್ಬರ ಮುಖವನ್ನೂ ನೋಡಿ, "ಓಡಿಸಿ ನೋಡ್ತೇನ್ರಿ" ಎಂದರು.

ಗಂಡ ಅವರ ಪಕ್ಕ ಕೂತು ಹೊರಟರು. ನಾನು ಗೇಟಿನಲ್ಲೇ ನಿಂತೆ. ಎಷ್ಟೋ ವರ್ಷಗಳ ಮೇಲೆ ಆ ಗಾಡಿ ನಡೆಯುವುದನ್ನು ನಾನು ಹೊರಗಿನಿಂದ ನೋಡಿದ್ದು. ಹಿಂದಿನ ಬಲಗಡೆಯ ಗಾಲಿ ತಿರುಗುವಾಗ ಅತ್ತಿತ್ತ ತೂಗಾಡುತ್ತಿತ್ತು. ಒಳಗೆ ಕೂತವರಿಗೆ ಅದು ಗೊತ್ತೇ ಆಗುವಂತಿರಲಿಲ್ಲ. ನಾನು ಅದನ್ನು ರಸ್ತೆಯ ತಿರುವಿನವರೆಗೆ ನೋಡಿದೆ.

ಅವರು ತಿರುಗಿ ಬಂದಾಗ ವ್ಯವಹಾರ ಕುದುರಿತ್ತು. ಗಾಡಿ ಒಯ್ಯಲು ಹೊರಟವರ ಕಿಟಕಿಯ ಹತ್ತಿರ ಹೋಗಿ, "ಹಿಂದಿನ ಬಲಗಡೆ ಗಾಲಿ ತೂಗಾಡ್ತೈತ್ರಿ. ಮೊದಲ ಅದನ್ನ ತೋರಸ್ರಿ" ಎಂದೆ.

"ಇನ್ನ ಒಂದು ಉಳದಿತ್ತೇನು?" ಎಂದು ಹಿಂದಿನಿಂದ ನನ್ನ ಗಂಡ ಗೊಣಗಿದರು. ಕೊಂಡವರು ನಕ್ಕು ಗೇರು ಹಾಕಿದರು.

ಗಾಡಿ ಹೋಯಿತು. ಅವರು ಸ್ವಲ್ಪ ಹೊತ್ತು ಅದು ಹೋದ ದಿಕ್ಕಿಗೆ ಕಿವಿ ಕೊಟ್ಟು ನಿಂತಿದ್ದರು. ನಾನು ನಿಲ್ಲಲಿಲ್ಲ. ಒಲೆಯ ಮೇಲೆ ಹಾಲು ಇಟ್ಟಿದ್ದೆ, ಒಳಗೆ ಹೋದೆ.